ಗೊಬ್ಬರದ ಡಬ್ಬಕ್ಕೆ ಫಿನಾಯಿಲ್ ಸುರಿಯುವವರಿಗೆ

ಮೊನ್ನೆ ಮೊಮ್ಮಗಳು ಗೊಬ್ಬರದ ಡಬ್ಬ ನಾರುತ್ತಿದೆ ಎಂದು ಅರ್ಧ ಬಾಟಲಿ ಫಿನಾಯಿಲ್ ಸುರಿದು, ಮುಚ್ಚಳ ಬಿಗಿದು ಬಂದಳು. ಸಿಪ್ಪೆಯನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳನ್ನೇ ಕೊಂದು, ಗೊಬ್ಬರ ಆಗಲಿಲ್ಲವೆಂದು ಗೊಣಗುವುದು ಯಾವ ನ್ಯಾಯ?

ನಾತ ಬಂದರೆ ಒಳಗೆ ಉಸಿರು ಕಟ್ಟಿದೆ ಎಂದರ್ಥ. ನೀರು ಹೆಚ್ಚಾಗಿ ಗಾಳಿ ಆಡದಿದ್ದರೆ, ಗಾಳಿಯೇ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ವಾಸನೆ ಎಬ್ಬಿಸುತ್ತವೆ. ಒಂದು ಹಿಡಿ ಹಸಿ ಸಿಪ್ಪೆಗೆ ಎರಡು ಮೂರು ಹಿಡಿ ಒಣ ಎಲೆ ಹಾಕಿ. ಹಾಲಿಗೆ ಹೆಪ್ಪು ಬಿಟ್ಟಂತೆ ಹಳೆಯ ಗೊಬ್ಬರ ಒಂದಿಷ್ಟು ಬೆರೆಸಿ. ಗೊಬ್ಬರಕ್ಕೆಂದು ಅಂಗಡಿಯಿಂದ ಕೊಂಡು ತಂದ ಪುಡಿ ಬೇಕಿಲ್ಲ.

ಆದರೆ ಡಬ್ಬದೊಳಗಿನದನ್ನು ಕೈಯಲ್ಲಿ ಹಿಂಡಿ ನೋಡದೆ ಏನನ್ನೂ ಮಾಡಬೇಡಿ. ಮೇಲಿನದನ್ನು ಕೆರೆದರೆ ಸಾಲದು, ನಡುವಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯಿರಿ. ಒದ್ದೆ ಬಟ್ಟೆ ಹಿಂಡುವಷ್ಟೇ ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಇಣುಕಬೇಕು, ಇಳಿಯಬಾರದು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ನೀರು ಮಣಿಕಟ್ಟಿಗೆ ಹರಿದರೆ ಒಣ ಎಲೆ ಸೇರಿಸಿ ಮಗುಚಿ. ಉಂಡೆಯೇ ಕಟ್ಟದಿದ್ದರೆ ನೀರು ಚಿಮುಕಿಸಿ, ಚೊಂಬಿನಲ್ಲಿ ಸುರಿಯಬೇಡಿ. ಅಂಚಿನದು ಬೇಗ ಒಣಗುವುದರಿಂದ ಅಲ್ಲಿಯೂ ಒಮ್ಮೆ, ತಳದಲ್ಲಿಯೂ ಒಮ್ಮೆ ಹಿಂಡಿ. ಬ್ಯಾಕ್ಟೀರಿಯಾಗಳು ಬದುಕುವುದು ಚೂರುಗಳಿಗೆ ಅಂಟಿದ ನೀರಿನ ತೆಳುಪದರದಲ್ಲಿ; ಆ ಪದರವೂ ಇರಬೇಕು, ಸಂದಿಯಲ್ಲಿ ಗಾಳಿಯೂ ಇರಬೇಕು. ಕೈಯಲ್ಲಿ ಗಾಯವಿದ್ದರೆ ಬೇರೆಯವರಿಂದ ಹಿಂಡಿಸಿ. ಆಮೇಲೆ ಸೋಪು ಹಚ್ಚಿ ತೊಳೆದುಕೊಳ್ಳಿ, ಅದನ್ನೂ ನಾನೇ ಹೇಳಬೇಕೆ?

ನಮ್ಮ ಅತ್ತೆ ಹಿತ್ತಲಿನ ರಾಶಿಯ ನಡುವೆ ಕಬ್ಬಿಣದ ಸರಳು ನೆಟ್ಟಿರುತ್ತಿದ್ದರು. ಆಗಾಗ ಕಿತ್ತು ನನ್ನ ಕೈಯಿಂದ ಮುಟ್ಟಿಸುತ್ತಿದ್ದರು. ಕೈ ಸುಟ್ಟಂತಾದರೆ ಅವರಿಗೆ ಸಮಾಧಾನ. ಬಿಸಿಲಿನ ಕಾವೆಂದು ನಾನು ತಿಳಿದಿದ್ದೆ. ಅದು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳ ಕಾವು. ದೊಡ್ಡ ರಾಶಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ, ಕಳೆಯ ಬೀಜಗಳೂ ಅದರಲ್ಲಿ ಸಾಯುತ್ತವೆ. ಪುಟ್ಟ ಡಬ್ಬದಲ್ಲಿ ಅಷ್ಟು ಕಾವು ಹುಟ್ಟುವುದಿಲ್ಲ, ಹೆದರಬೇಡಿ. ಬಿಳಿ ಎಳೆ ಕಂಡರೆ ಬೂಷ್ಟೆಂದು ಕಿರುಚಿ ಎಸೆಯಲೂಬೇಡಿ. ಬ್ಯಾಕ್ಟೀರಿಯಾಗಳಿಗೆ ಜಗ್ಗದ ನಾರನ್ನು ಕರಗಿಸುವುದು ಆ ಶಿಲೀಂಧ್ರವೇ. ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಸಿದ್ಧ.

ಅಂದಹಾಗೆ, ಡಬ್ಬಕ್ಕೆ ಫಿನಾಯಿಲ್ ಸುರಿಯುವ ಇವರೇ ಪಾತ್ರೆ ಒರೆಸುವ ಬಟ್ಟೆಯನ್ನು ಮುದ್ದೆ ಮಾಡಿ ಸಿಂಕಿನ ಮೂಲೆಗೆ ಎಸೆಯುತ್ತಾರೆ. ಸೂಕ್ಷ್ಮಜೀವಿ ಬೇಡವಾದದ್ದು ಅಲ್ಲಿ! ತೊಳೆದು, ಹರವಿ ಒಣಗಿಸಿ.

ಆ ಡಬ್ಬವನ್ನು ಕಡೆಗೆ ನಾನೇ ಬರಿದು ಮಾಡಿ, ತೊಳೆದು, ಮೊದಲಿನಿಂದ ಹೂಡಿದ್ದೇನೆ. ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೇನೆ. ಮುಚ್ಚಳ ನನ್ನ ಮಂಚದ ಕೆಳಗಿದೆ.