ಮೀಟರ್ ಹೇಳದ ಮಾತು: ನೀರು ಪರೀಕ್ಷೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕುಡಿಯುವ ನೀರು ಮತ್ತು ಈಜುಕೊಳದ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾವ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ. "ಸಾರ್, ಟಿಡಿಎಸ್ ಎಷ್ಟಿದೆ ಸ್ವಲ್ಪ ನೋಡಿ." ಜೇಬಿನಲ್ಲಿ ಹಿಡಿಸುವ ಆ ಮೀಟರ್ ಈಗ ಎಷ್ಟೋ ಜನರ ಹತ್ತಿರವೇ ಇದೆ. ನೀರಿನಲ್ಲಿ ಲವಣ ಎಷ್ಟು ಕರಗಿದೆ ಎಂದು ಅದು ಅಂದಾಜು ಹೇಳುತ್ತದೆ, ಅಷ್ಟೇ. ಚರಂಡಿ ನೀರು ಸೇರಿ ರೋಗಾಣು ತುಂಬಿರುವ ನೀರಿಗೂ ಅದು 200 ಎಂದು, ಚೆನ್ನಾಗಿದೆ ಅನ್ನಿಸುವ ಸಂಖ್ಯೆಯನ್ನೇ ತೋರಿಸಬಹುದು. ಫ್ಲೋರೈಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದೇ ಇಲ್ಲ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾಗಿರುವವರನ್ನು ನೋಡಿದ್ದೀರಿ ಅಲ್ವಾ? ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಬಿಡಬಹುದು. ಅದನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಆಟ ಇದೆ. ಫಿಲ್ಟರ್ ಮಾರಲು ಬಂದವರು ಎರಡು ಲೋಟದಲ್ಲಿ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟ್ ಹಾಯಿಸುತ್ತಾರೆ. ನಿಮ್ಮ ನಲ್ಲಿ ನೀರು ಕೆಂಪಗೆ, ಕೊಳಕಾಗಿ ತಿರುಗುತ್ತದೆ. ಅವರ ಆರ್‌ಒ ನೀರು ತಿಳಿಯಾಗಿಯೇ ಇರುತ್ತದೆ. ಆ ಕೆಂಪು ಬಂದಿದ್ದು ನೀರಿನಿಂದ ಅಲ್ಲ, ಕಬ್ಬಿಣದ ಕಡ್ಡಿ ಕರಗಿ ಬಂದಿದ್ದು. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅವರ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿಸಿ ನೋಡಿ, ಅದೂ ಕೆಂಪಾಗುತ್ತದೆ. ಇದನ್ನು ನೋಡಿ ಹೆದರಿ ಸಾವಿರಾರು ರೂಪಾಯಿ ಕೊಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಾನು ಮೊದಲು ನೋಡುವುದು ಕ್ಲೋರಿನ್. ಅದೂ ಸಂಪ್‌ನಲ್ಲಿ ಮಾತ್ರ ಅಲ್ಲ, ಎಲ್ಲಕ್ಕಿಂತ ದೂರದ ಅಡುಗೆಮನೆಯ ನಲ್ಲಿಯಲ್ಲಿ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾಟಿ ಬರುತ್ತದೆ. ಶುದ್ಧ ಮಾಡಿ, ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ತೊಂದರೆ ಜಾಸ್ತಿ ಶುರುವಾಗುವುದು ನಮ್ಮ ಗೇಟಿನ ಒಳಗೆ. ಸಂಪ್‌ನಲ್ಲಿ ನಿಂತು, ಟ್ಯಾಂಕ್‌ಗೆ ಏರಿ, ಪೈಪಿನಲ್ಲಿ ಇಳಿಯುವಷ್ಟರಲ್ಲಿ ಕ್ಲೋರಿನ್ ಸವೆಯುತ್ತಾ ಬರುತ್ತದೆ. ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

ಇದಕ್ಕೆ ಬಣ್ಣ ನೋಡಿ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ ಸಾಕು. ನಲ್ಲಿಯನ್ನು ಎರಡು ನಿಮಿಷ ಹರಿಯಬಿಟ್ಟು, ಟ್ಯೂಬನ್ನು ಅದೇ ನೀರಿನಲ್ಲಿ ತೊಳೆದು, ಗೆರೆಯವರೆಗೆ ತುಂಬಿ ಮಾತ್ರೆ ಹಾಕುತ್ತೇನೆ. ಮಾತ್ರೆಯನ್ನು ಕೈಯಲ್ಲಿ ಮುಟ್ಟುವುದಿಲ್ಲ. ಕ್ಲೋರಿನ್ ಇದ್ದರೆ ನೀರು ತಕ್ಷಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ಆಗಲೇ ಓದಬೇಕು. ಆಮೇಲೆ ನೋಡಿದರಾಯಿತು ಅಂತ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಸಂಪ್‌ನಲ್ಲಿ 0.5 ಇದ್ದು ಅಡುಗೆಮನೆಯಲ್ಲಿ ಸೊನ್ನೆ ಬಂದರೆ ನಡುವೆ ಯಾವುದೋ ಒಂದು ಕ್ಲೋರಿನ್ ತಿನ್ನುತ್ತಿದೆ ಅಂತಲೇ ಅರ್ಥ. ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತೇನೆ. ಪಾಚಿ, ತಳದಲ್ಲಿ ಕೆಸರು, ಕೆಲವು ಸಲ ಪಾರಿವಾಳದ ಪುಕ್ಕ. ಹೊರಗಿನಿಂದ ಬರುವ ನೀರು ಚೆನ್ನಾಗಿದ್ದು ಸಂಪ್‌ನಲ್ಲೇ ಸೊನ್ನೆ ಬಂದರೆ ಇನ್ನೂ ಕೆಟ್ಟದ್ದನ್ನು ಅನುಮಾನಿಸಬೇಕು. ಸಂಪ್ ಪಕ್ಕದಲ್ಲೇ ಚರಂಡಿ ಚೇಂಬರ್ ಇರುವ ಕಟ್ಟಡಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು.

ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಇಲ್ಲ ಎಂದುಕೊಂಡೇ ಕೆಲಸ ಶುರು ಮಾಡಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿಯಬೇಕು. ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿದಾಗ 0.5 ಉಳಿದಿರಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರ್ ದಿನದಿಂದ ದಿನಕ್ಕೆ ಸಾರ ಕಳೆದುಕೊಳ್ಳುತ್ತದೆ. ಆದ್ದರಿಂದ ಗ್ರಾಂ ಲೆಕ್ಕ ನಂಬಿ ಕೂರಬೇಡಿ, ಕಿಟ್ ಏನು ಹೇಳುತ್ತದೋ ಅದನ್ನು ನಂಬಿ.

ರೋಗಾಣು ನೋಡಲು ಮನೆಯಲ್ಲೇ ಮಾಡಬಹುದಾದದ್ದು ಎಚ್‌2ಎಸ್ ಬಾಟಲಿ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕೆ.ಎಸ್. ಮಂಜ ಮತ್ತು ಜೊತೆಗಾರರು ರೂಪಿಸಿದ ಪರೀಕ್ಷೆ ಇದು. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಅಂಶ ಸೇರಿದ್ದರೆ ನೀರು ಮಸಿಯಂತೆ ಕಪ್ಪಾಗುತ್ತದೆ. ಅದನ್ನು ಕಂಡ ಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬೇಡಿ, ಲ್ಯಾಬಿಗೂ ಕಳಿಸಿ. ಕಪ್ಪಾಗಲಿಲ್ಲ ಎಂದು ಪೂರ್ತಿ ನಿಶ್ಚಿಂತೆಯೂ ಬೇಡ. ಲ್ಯಾಬ್ ವರದಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು. ಸ್ಯಾಂಪಲ್ಲನ್ನು ಸುಮ್ನೆ ಹಳೇ ಪೆಪ್ಸಿ ಬಾಟಲಿಯಲ್ಲಿ ಒಯ್ಯಬೇಡಿ. ಲ್ಯಾಬಿನವರೇ ಸ್ಟೆರೈಲ್ ಬಾಟಲಿ ಕೊಡುತ್ತಾರೆ. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.

ಇನ್ನು ಈಜುಕೊಳ. ಇಲ್ಲಿ ಜನರ ನಂಬಿಕೆ ತಲೆಕೆಳಗಾಗಿದೆ. "ಸಾರ್, ಕ್ಲೋರಿನ್ ಜಾಸ್ತಿ ಹಾಕಿಬಿಟ್ಟಿದ್ದಾರೆ, ಘಾಟು ಹೊಡೀತಿದೆ, ಮಕ್ಕಳ ಕಣ್ಣೆಲ್ಲ ಕೆಂಪು" ಅಂತಾರೆ. ಅಳೆದು ನೋಡಿದರೆ ಕೆಲಸ ಮಾಡುವ ಕ್ಲೋರಿನ್ ಕಡಿಮೆಯೇ ಇರುತ್ತದೆ. ಆ ಘಾಟು ಬೆವರು, ಉಚ್ಚೆ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದು. ಡಿಪಿಡಿಯ ಒಂದನೇ ನಂಬರ್ ಮಾತ್ರೆ ಕೆಲಸಕ್ಕೆ ಬರುವ ಕ್ಲೋರಿನ್ ತೋರಿಸುತ್ತದೆ. ಅದೇ ಟ್ಯೂಬಿಗೆ ಮೂರನೇ ನಂಬರ್ ಹಾಕಿದರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಇವೆರಡರ ನಡುವಿನ ವ್ಯತ್ಯಾಸವೇ ಆ ಘಾಟು. ಅದು ಲೀಟರಿಗೆ 0.4 ಮಿಲಿಗ್ರಾಂ ದಾಟಿದರೆ ಹೊಸ ನೀರು ಬಿಡಬೇಕು, ಕೊಳ ಮುಚ್ಚಿ ಶಾಕ್ ಡೋಸ್, ಅಂದರೆ ಒಂದೇ ಸಲಕ್ಕೆ ಜಾಸ್ತಿ ಕ್ಲೋರಿನ್ ಕೊಡಬೇಕು.

ಇಲ್ಲೇ ಒಂದು ಎಚ್ಚರಿಕೆ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಮಿಂಚಿದಂತೆ ಬಂದು ಅಳಿಸಿಹೋಗುತ್ತದೆ, ಸೊನ್ನೆ ಅನ್ನಿಸುತ್ತದೆ. ಅದನ್ನು ನೋಡಿ ಇನ್ನಷ್ಟು ಸುರಿಯುವ ಆಪರೇಟರ್‌ಗಳಿದ್ದಾರೆ. ಅನುಮಾನ ಬಂದರೆ ಸ್ಯಾಂಪಲ್‌ಗೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ತೆಳುಮಾಡಿ ಮತ್ತೆ ನೋಡಬೇಕು.

ಕೊಳದಲ್ಲಿ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ (ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ) 7.2ರಿಂದ 7.8 ಇದ್ದರೆ ಸರಿ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಚುರುಕಾಗಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗಕ್ಕೆ ಬಂದುಬಿಡುತ್ತದೆ. ಅಂದರೆ ಕ್ಲೋರಿನ್ ಸಂಖ್ಯೆ ಚೆನ್ನಾಗಿದ್ದರೂ ಕೆಲಸ ಆಗುತ್ತಿರುವುದಿಲ್ಲ. ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳನ್ನೇ ಸದಾ ಬಳಸುವ ಕಡೆ, ಆ ಮಾತ್ರೆಯಿಂದ ನೀರಿಗೆ ಬರುವ ಸಯನ್ಯೂರಿಕ್ ಆಸಿಡ್ ಕೂಡ ನೋಡುತ್ತೇನೆ. ಅದು ಸೇರುತ್ತಾ ಹೋಗಿ ಕ್ಲೋರಿನ್ ಕೈ ಕಟ್ಟಿಹಾಕುತ್ತದೆ. ನೀರು ಖಾಲಿ ಮಾಡಿ ಬದಲಿಸದೆ ಸುಲಭವಾಗಿ ಹೋಗುವುದಿಲ್ಲ.

ಸ್ಯಾಂಪಲ್ ತೆಗೆಯುವುದು ಭಾನುವಾರ ಸಂಜೆ, ಮಕ್ಕಳು ಆಡಿ ಮುಗಿಸುವ ಹೊತ್ತಿಗೆ. ಬೆಳಗ್ಗೆ ಎಲ್ಲ ಕೊಳವೂ ಪಾಸಾಗುತ್ತದೆ. ನೀರು ಬರುವ ತೂತಿನಿಂದ ದೂರ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಬೇಕು. ರಿಜಿಸ್ಟರಿನಲ್ಲಿ ತಿಂಗಳಿಡೀ 1.5, 1.5 ಅಂತ ಒಂದೇ ಶಾಯಿಯಲ್ಲಿ ಬರೆದಿದ್ದರೆ ನಾನು ಅದನ್ನು ಪಕ್ಕಕ್ಕಿಟ್ಟುಬಿಡುತ್ತೇನೆ. ನಿಜವಾದ ಕೊಳದಲ್ಲಿ ಸಂಖ್ಯೆ ಏರಿಳಿಯದೆ ಇರುವುದಿಲ್ಲ.

ಪೋಷಕರಲ್ಲಿ ಒಂದು ಕೋರಿಕೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಇರುವ ಕೊಳದಲ್ಲೂ ವಾರಕ್ಕಿಂತ ಜಾಸ್ತಿ ಬದುಕುತ್ತದೆ. ಅದು ಕೊಳಕ್ಕೆ ಬರುವುದು ಭೇದಿ ಆದವರ ಮಲದಿಂದ. ನನ್ನ ಕಿಟ್ಟಿನಲ್ಲಿ ಅದು ಕಾಣುವುದಿಲ್ಲ. ಭೇದಿ ಆಗಿರುವ ಮಗುವನ್ನು ನೀರಿಗೆ ಬಿಡಬೇಡಿ, ಈ ಪರಾವಲಂಬಿಯಿಂದಲೇ ಆಗಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಬೇಡ.