ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಪ್ರತಿಭೆ: ನಾನು ನೋಡುವುದು ಕೆಟ್ಟ ಪಿಕ್ಸೆಲ್ಲನ್ನು

ಗ್ರಾಫಿಕ್ಸ್ ಪ್ರೋಗ್ರಾಮಿಂಗ್‌ಗೆ ವಿದ್ಯಾರ್ಥಿಗಳನ್ನು ಆರಿಸುವಾಗ ಅವರ ಡೆಮೊ ವಿಡಿಯೊಗಳನ್ನು ಕೊನೆಗೆ ನೋಡುತ್ತೇನೆ. ಯೂನಿಟಿ, ಅನ್‌ರಿಯಲ್‌ನಂಥ ಗೇಮ್ ಎಂಜಿನ್‌ಗಳಲ್ಲಿ ನೆರಳು, ಪ್ರತಿಫಲನ ಎಲ್ಲವೂ ಸಿದ್ಧವಾಗಿಯೇ ಸಿಗುವುದರಿಂದ ಅದರಲ್ಲಿ ವಿದ್ಯಾರ್ಥಿಯ ಪಾಲೆಷ್ಟು ಎಂದು ತಿಳಿಯದು.

ನಾನು ಕೊಡುವ ಕೆಲಸ ಚಿಕ್ಕದು. ಒಂದು ಗೋಳ, ಒಂದು ನೆಲ, ಒಂದು ದೀಪ. ಯಾವ ಲೈಬ್ರರಿಯನ್ನೂ ಬಳಸದೆ ರೇ ಟ್ರೇಸಿಂಗ್ ಮಾಡಿ, ಅಂದರೆ ಪ್ರತಿ ಪಿಕ್ಸೆಲ್ಲಿನ ಕಿರಣ ಎಲ್ಲಿ ತಾಗುತ್ತದೆಂದು ಲೆಕ್ಕ ಹಾಕಿ, ಪಿಪಿಎಂ ಎಂಬ ಸರಳ ಚಿತ್ರದ ಫೈಲಿಗೆ ಬರೆಯಬೇಕು. ಪಿಪಿಎಂನಲ್ಲಿ ಪಿ3 ಎಂಬ ಗುರುತು, ಅಗಲ, ಎತ್ತರ, ಬಣ್ಣದ ಗರಿಷ್ಠ ಬೆಲೆ 255, ಆಮೇಲೆ ಬರೀ ಬಣ್ಣದ ಅಂಕಿಗಳು. ಫೈಲಿನ ರಗಳೆಗೆ ಹೊತ್ತು ಹೋಗುವುದಿಲ್ಲ. ಕಿರಣ ಗೋಳಕ್ಕೆ ತಾಗುವ ಲೆಕ್ಕ ಬರೀ ವರ್ಗಸಮೀಕರಣ, ಹೆಚ್ಚಿನವರು ಮಾಡಿಬಿಡುತ್ತಾರೆ.

ನೆರಳು ಸೇರಿಸಿದ ಕೂಡಲೇ ಗೋಳದ ಮೈತುಂಬ ಕಪ್ಪು ಚುಕ್ಕೆ. ಫ್ಲೋಟ್ (ಕಂಪ್ಯೂಟರ್ ಸೀಮಿತ ನಿಖರತೆಯಲ್ಲಿ ಇಡುವ ದಶಮಾಂಶ ಸಂಖ್ಯೆ) ಲೆಕ್ಕದ ದೋಷದಿಂದ ತಾಗಿದ ಬಿಂದು ಮೇಲ್ಮೈಯಿಂದ ಕೂದಲೆಳೆಯಷ್ಟು ಒಳಗಿಳಿದಿರುತ್ತದೆ. ಅಲ್ಲಿಂದ ದೀಪದತ್ತ ಹೊರಟ ಕಿರಣ ಮತ್ತೆ ಅದೇ ಗೋಳಕ್ಕೆ ಬಡಿಯುತ್ತದೆ. ಇದನ್ನು ಮೊದಲೇ ಹೇಳುವುದಿಲ್ಲ, ಸುಮ್ಮನೆ ಕೂತು ನೋಡುತ್ತೇನೆ. ಹಲವರು ದೀಪದ ಜಾಗ, ಬಣ್ಣ ಎಂದು ಸಿಕ್ಕಿದ್ದನ್ನೆಲ್ಲ ಬದಲಿಸುತ್ತಾರೆ. ಅಪರೂಪಕ್ಕೊಬ್ಬರು ನಾರ್ಮಲ್ಲನ್ನೇ, ಅಂದರೆ ಮೇಲ್ಮೈಗೆ ಲಂಬವಾದ ದಿಕ್ಕನ್ನೇ, ಬಣ್ಣವಾಗಿ ಬಳಿದು ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಬಳಿಕ ಒಂದೇ ಒಂದು ಕಪ್ಪು ಪಿಕ್ಸೆಲ್ ಹಿಡಿದು, ನೆರಳಿನ ಕಿರಣ ಎಷ್ಟು ದೂರದಲ್ಲಿ ತಾಗಿತೆಂದು ಪ್ರಿಂಟ್ ಮಾಡುತ್ತಾರೆ. ಸೊನ್ನೆಗೆ ಅಂಟಿಕೊಂಡ ಸಂಖ್ಯೆ ಕಂಡರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ನನಗೆ ಬೇಕಾದವರು ಇವರೇ.

0.001ಕ್ಕಿಂತ ಹತ್ತಿರ ತಾಗಿದ್ದನ್ನು ಲೆಕ್ಕದಿಂದ ಬಿಟ್ಟರೆ ಚುಕ್ಕೆ ಹೋಗುತ್ತದೆ. ದೃಶ್ಯ ಸಾವಿರ ಪಟ್ಟು ದೊಡ್ಡದಾದರೂ ಅದೇ 0.001 ಸಾಕೇ ಎಂದು ಕೇಳುತ್ತೇನೆ. ಸಂಖ್ಯೆ ಹಿಗ್ಗಿದಂತೆ ಫ್ಲೋಟ್‌ನ ನಿಖರತೆ ಕುಗ್ಗುತ್ತದೆ, ಸಾಲದು ಎಂಬ ಉತ್ತರಕ್ಕೆ ಚಿತ್ರದ ಅಂದಕ್ಕಿಂತ ಹೆಚ್ಚು ಅಂಕ.

ಎರಡನೆಯದು, ನಾನೇ ತಪ್ಪಿಟ್ಟ ಕೋಡ್. ಗೋಳವನ್ನು ಒಂದೇ ದಿಕ್ಕಿಗೆ ಎಳೆದು, ಬಿಂದುಗಳನ್ನು ಗುಣಿಸಿದ ಮ್ಯಾಟ್ರಿಕ್ಸ್‌ನಿಂದಲೇ ನಾರ್ಮಲ್‌ಗಳನ್ನೂ ಗುಣಿಸಿರುತ್ತೇನೆ. ಬೆಳಕು ವಾರೆಯಾಗಿ ಬೀಳುತ್ತದೆ. ನಾರ್ಮಲ್‌ಗಳಿಗೆ ಆ ಮ್ಯಾಟ್ರಿಕ್ಸ್‌ನ ವಿಲೋಮದ ಟ್ರಾನ್ಸ್‌ಪೋಸ್ (ಅಡ್ಡಸಾಲು, ಕಂಬಸಾಲುಗಳ ಅದಲುಬದಲು) ಬೇಕೆಂಬ ಸೂತ್ರ ನೆನಪಿದ್ದರೆ ಸಾಲದು. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸಿದರೆ ಈ ತಪ್ಪು ಏಕೆ ಅಡಗಿಕೊಳ್ಳುತ್ತದೆ ಎಂದು ಹೇಳಬೇಕು.

ಎಐ ಬರೆದ ಕೋಡ್ ತಂದರೂ ನನಗೆ ಅಡ್ಡಿಯಿಲ್ಲ. ಅದು ಅರ್ಥವಾಗಿದೆಯೇ ಎಂದು ನೋಡಲು, ಕ್ಯಾಮೆರಾದ ನೋಟದ ಕೋನವನ್ನು ನನ್ನೆದುರಿಗೇ 90 ಡಿಗ್ರಿಗೆ ಏರಿಸಿ, ಗೋಳವನ್ನು ಅಂಚಿಗೆ ಸರಿಸಲು ಹೇಳುತ್ತೇನೆ. ಗೋಳ ಮೊಟ್ಟೆಯಾಗುತ್ತದೆ. ಇದು ದೋಷವೇ? ಅಲ್ಲ, ಚಪ್ಪಟೆ ಪರದೆಯ ಮೇಲಿನ ಪರ್ಸ್‌ಪೆಕ್ಟಿವ್ ಹಾಗೆಯೇ. ನಡುವಿನಲ್ಲಿಟ್ಟ ಗೋಳವೂ ಮೊಟ್ಟೆಯಾದರೆ ಅಗಲ-ಎತ್ತರದ ಅನುಪಾತ ತಪ್ಪಿದೆ ಎಂದರ್ಥ.