ರೇಡಿಯೇಶನ್ ಆಂಕಾಲಜಿ: ಸೀಟು ಆರಿಸುವ ಮುನ್ನ ಯಂತ್ರ ನೋಡಿ

ಸ್ಕ್ಯಾನ್ ನೋಡಿ ವರದಿ ಬರೆಯುವವರು ರೇಡಿಯಾಲಜಿಸ್ಟ್. ವಿಕಿರಣ ಕೊಟ್ಟು ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡುವವರು ರೇಡಿಯೇಶನ್ ಆಂಕಾಲಜಿಸ್ಟ್. ಕೌನ್ಸೆಲಿಂಗ್‌ನಲ್ಲಿ ನೂಕುನುಗ್ಗಲೆಲ್ಲ ಮೊದಲನೆಯದಕ್ಕೇ. ಹಾಗಾಗಿ ರ‍್ಯಾಂಕ್ ತುಸು ಹಿಂದಿದ್ದರೂ ಎರಡನೆಯದರಲ್ಲಿ ಒಳ್ಳೆಯ ಸೀಟು ಸಿಗುವುದುಂಟು.

ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ: ನೀಟ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ನೀಟ್ ಪಿಜಿ, ಬಳಿಕ 3 ವರ್ಷದ ಎಂಡಿ ಅಥವಾ ಡಿಎನ್‌ಬಿ. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ, ಮಣಿಪಾಲದ ಕೆಎಂಸಿ ಮೊದಲಾದೆಡೆ ಎಂಡಿ ಇದೆ.

ಕಾಲೇಜಿನ ಹೆಸರಿಗಿಂತ ಮೊದಲು ವಿಚಾರಿಸಬೇಕಾದ್ದು ಯಂತ್ರಗಳನ್ನು. ಲಿನಾಕ್ (ಹೊರಗಿನಿಂದ ವಿಕಿರಣ ಹಾಯಿಸುವ ಯಂತ್ರ), ಸಿಟಿ ಸಿಮ್ಯುಲೇಟರ್ (ಚಿಕಿತ್ಸೆಯ ಪ್ಲ್ಯಾನ್‌ಗೆ ಸ್ಕ್ಯಾನ್ ಮಾಡುವ ಯಂತ್ರ) ಜೊತೆಗೆ ಬ್ರಾಕಿಥೆರಪಿ, ಅಂದರೆ ವಿಕಿರಣದ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ, ಇರಲೇಬೇಕು. ಗರ್ಭಕೊರಳಿನ ಕ್ಯಾನ್ಸರ್‌ಗೆ ಹೊರಗಿನಿಂದ 25 ಸಲ ವಿಕಿರಣ ಕೊಟ್ಟ ಮೇಲೆ ಒಳಗಿನಿಂದಲೂ ಕೊಡಬೇಕು. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಬ್ರಾಕಿಥೆರಪಿಯಲ್ಲಿ ವಿಕಿರಣ ಹೊಮ್ಮಿಸುವ ಇರಿಡಿಯಂ ಮೂಲವನ್ನು ಕೊನೆಯದಾಗಿ ಯಾವಾಗ ಬದಲಿಸಿದರು ಎಂದೂ ಕೇಳಿ. ಅದರ ಅರ್ಧಾಯುಷ್ಯ ಸುಮಾರು 74 ದಿನ. ಹಳೆಯದಾದಷ್ಟೂ ರೋಗಿ ಮೇಜಿನ ಮೇಲೆ ಮಲಗಿರಬೇಕಾದ ಹೊತ್ತು ಹೆಚ್ಚುತ್ತದೆ.

ಮೊದಲ ವರ್ಷ ಭೌತಶಾಸ್ತ್ರ, ರೇಡಿಯೋಬಯಾಲಜಿ (ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮದ ಅಧ್ಯಯನ) ಹೆದರಿಸುತ್ತವೆ. ಆದರೆ ನಿಜವಾದ ಕಸುಬು ಕಾಂಟೂರಿಂಗ್: ಸಿಟಿಯ ಒಂದೊಂದು ಸ್ಲೈಸ್‌ನಲ್ಲೂ ಗಡ್ಡೆಯ ಗಡಿ ಗುರುತಿಸುವುದು. ಗಡಿ ಕಿರಿದಾದರೆ ಅಂಚಿನಲ್ಲೇ ರೋಗ ಮರುಕಳಿಸುತ್ತದೆ. ಹಿಗ್ಗಿದರೆ ಲಾಲಾಗ್ರಂಥಿ ಸುಟ್ಟು, ರೋಗಿಗೆ ನೀರಿಲ್ಲದೆ ತುತ್ತು ಇಳಿಯದು. ಸೀನಿಯರ್ ಗುರುತಿಸಿದ್ದನ್ನು ನೋಡುವ ಮೊದಲೇ ನಿಮ್ಮದನ್ನು ಬಿಡಿಸಿಟ್ಟು, ಆಮೇಲೆ ಹೋಲಿಸಿ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನ, ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ) ಒಟ್ಟು 66ರಿಂದ 70 ಗ್ರೇ. ಮೂರ‍್ನಾಲ್ಕನೇ ವಾರಕ್ಕೆ ಬಾಯಿ ಹುಣ್ಣಾಗಿ ಊಟ ಬಿಡುತ್ತಾರೆ, ತೂಕ ಇಳಿದು, ತಲೆ ಅಲುಗದಂತೆ ಹಿಡಿದಿಡುವ ಮುಖದ ಮಾಸ್ಕ್ ಸಡಿಲವಾಗುತ್ತದೆ, ಗುರಿ ತಪ್ಪುತ್ತದೆ. ವಾರದ ತಪಾಸಣೆಯಲ್ಲಿ ತೂಕ ಬರೆಯದ ರೆಸಿಡೆಂಟ್‌ಗೆ ಇದು ಗೊತ್ತೇ ಆಗುವುದಿಲ್ಲ. ನೋವಿಗೆ ಸೋತು ಚಿಕಿತ್ಸೆ ನಿಲ್ಲಿಸುವುದೂ ಅಪಾಯ: ಆ ಬಿಡುವಿನಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ವೇಗವಾಗಿ ಮರಳಿ ಬೆಳೆಯುತ್ತವೆ.

ನಿಮ್ಮ ಮೇಲೂ ವಿಕಿರಣದ ಲೆಕ್ಕ ಇರುತ್ತದೆ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಮಾನ). ಯಾವ ವರ್ಷವೂ 30 ಮೀರಬಾರದು. ನಿಮಗೆ ತಗಲಿದ ವಿಕಿರಣ ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮಟ್ಟದಲ್ಲಿರಲಿ. ಕೋಟಿನ ಸಮೇತ ಯಂತ್ರದ ಕೋಣೆಯಲ್ಲಿ ಮರೆತರೆ, ನೀವು ಪಡೆಯದ ಡೋಸ್‌ಗೆ ವಿವರಣೆ ಬರೆದುಕೊಡಬೇಕಾದೀತು!

ಸ್ವಂತ ಕ್ಲಿನಿಕ್ ತೆರೆದು ಕೂರುವ ವೃತ್ತಿ ಇದಲ್ಲ. ಲಿನಾಕ್‌ಗೂ ಅದರ ದಪ್ಪ ಗೋಡೆಯ ಬಂಕರ್‌ಗೂ ಕೋಟಿಗಟ್ಟಲೆ ಬೇಕು. ಯಂತ್ರ ಎಲ್ಲಿದೆಯೋ ಅಲ್ಲೇ ಕೆಲಸ. ಒಪ್ಪುವ ಮೊದಲು ಸಂಬಳದ ಜೊತೆಗೆ, ಡೋಸ್ ಲೆಕ್ಕ ಹಾಕಿ ಚಿಕಿತ್ಸೆಯ ಪ್ಲ್ಯಾನ್ ಸಿದ್ಧಪಡಿಸುವ ಮೆಡಿಕಲ್ ಫಿಸಿಸಿಸ್ಟ್‌ಗಳು ಎಷ್ಟು ಮಂದಿ ಎಂದೂ ಕೇಳಿ. ಅವರು ಸಾಲದಿದ್ದರೆ, ನೀವು ಅಂದೇ ಮುಗಿಸಿದ ಕಾಂಟೂರ್ ಕೂಡ ಪ್ಲ್ಯಾನ್ ಆಗದೆ ಸರದಿಯಲ್ಲಿ ಕಾಯುತ್ತಿರುತ್ತದೆ.